ಲೆಕ್ಕ ತಿದ್ದಿದರು, ಸಲಹೆ ತಿದ್ದಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ 2025ರ ಜುಲೈ 4ರಂದು ಸಹಿ ಬಿದ್ದ, ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಎಂದು ಹೆಸರಾದ ತೆರಿಗೆ ಕಾಯ್ದೆಯ ಬಗ್ಗೆ ಕನ್ನಡದಲ್ಲಿ ನಾನು ಓದಿದ ಸುದ್ದಿಯೆಲ್ಲ ಬಹುಮಟ್ಟಿಗೆ ಒಂದೇ ವಿಷಯದ ಸುತ್ತ ಇತ್ತು. ಅಲ್ಲಿಂದ ಊರಿಗೆ ಕಳುಹಿಸುವ ಹಣದ ಮೇಲೆ ಶೇ 5ರಷ್ಟು ತೆರಿಗೆ ಬೀಳುತ್ತದೆಯೋ, ಶೇ 3.5ರಷ್ಟು ಬೀಳುತ್ತದೆಯೋ ಎಂಬ ಆತಂಕ ವಾರಗಟ್ಟಲೆ ನಡೆಯಿತು. ಕೊನೆಗೆ ಅದು ಶೇ 1ಕ್ಕೆ ಇಳಿದು, ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳುಹಿಸುವವರಿಗೆ ಮಾತ್ರ ಎಂದಾಗಿ, ಬ್ಯಾಂಕ್ ಖಾತೆಯಿಂದ ನೇರವಾಗಿ ಕಳುಹಿಸುವವರಿಗೆ ತಟ್ಟುವುದಿಲ್ಲವೆಂದು ತಿಳಿದ ಮೇಲೆ ಮಾತು ತಣ್ಣಗಾಯಿತು. ಅದೇ ಕಾಯ್ದೆ ಅಲ್ಲಿ ನೆಲೆಸಿ ಈಗ ಅರವತ್ತು ದಾಟುತ್ತಿರುವ ಕನ್ನಡಿಗರ ಮುಪ್ಪಿನ ಲೆಕ್ಕವನ್ನು ಎಲ್ಲೆಲ್ಲಿ ಅಲುಗಿಸಿದೆ, ಆ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್‌ಗಳು ಈ ಬದಲಾವಣೆಯನ್ನು ಬಳಕೆದಾರರಿಗೆ ತಿಳಿಸಿದವೇ ಇಲ್ಲವೇ ಎಂಬುದು ಮಾತ್ರ ಚರ್ಚೆಗೆ ಬರಲಿಲ್ಲ. ಆ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದ್ದರೆ ಮನ್ನಿಸಬೇಕು. ಅಂಕಿಗಳಿಲ್ಲದೆ ಈ ವಿಷಯ ಹೇಳಲು ಬರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಕುಳಿತು ಅಮೆರಿಕನ್ನರ ನಿವೃತ್ತಿಯ ಲೆಕ್ಕ ಹಾಕುವ ಸಾಫ್ಟ್‌ವೇರ್ ಒಂದನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಹನ್ನೊಂದು ವರ್ಷದಿಂದ ಆ ದೇಶದ ತೆರಿಗೆ ಕೋಷ್ಟಕಗಳನ್ನು ನೋಡಿ ನೋಡಿ, ನಮ್ಮ ಆದಾಯ ತೆರಿಗೆಯ ಸ್ಲ್ಯಾಬುಗಳಿಗಿಂತ ಅಲ್ಲಿಯವೇ ನನಗೆ ಬಾಯಿಪಾಠವಾಗಿವೆ. ನನ್ನ ಅಕ್ಕ ಮತ್ತು ಭಾವ ಮೂವತ್ತು ವರ್ಷದಿಂದ ಟೆಕ್ಸಾಸ್‌ನ ಡಲ್ಲಾಸ್ ಬಳಿ ಇದ್ದಾರೆ. ಅವರು ಬಳಸುವುದು ನಾವು ಪರೀಕ್ಷಿಸುವ ಸಾಫ್ಟ್‌ವೇರನ್ನಲ್ಲ, ಬೇರೊಂದು ಕಂಪನಿಯದನ್ನು. ಎರಡರ ಹೆಸರೂ ಇಲ್ಲಿ ಬೇಡ, ಏಕೆಂದರೆ ನಾನು ಹೇಳಹೊರಟ ದೋಷ ಯಾವುದೋ ಒಂದು ಕಂಪನಿಯದಲ್ಲ, ಈ ಕಸುಬಿನದೇ.

ಗಂಡ ಹೆಂಡತಿಯ ಹುಟ್ಟಿದ ದಿನ, 401(ಕೆ) (ಕಂಪನಿಯ ಮೂಲಕ ಕಟ್ಟುವ ನಿವೃತ್ತಿ ಖಾತೆ) ಮತ್ತು ಐಆರ್‌ಎ (ತಾವೇ ತೆರೆಯುವ ನಿವೃತ್ತಿ ಖಾತೆ) ಖಾತೆಗಳಲ್ಲಿರುವ ಉಳಿತಾಯ, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯನ್ನು ಯಾವ ವಯಸ್ಸಿನಿಂದ ಪಡೆಯುತ್ತಾರೆ, ಮನೆಖರ್ಚು ಎಷ್ಟು ಎಂಬುದನ್ನೆಲ್ಲ ತುಂಬಿದರೆ, ಈ ಸಾಫ್ಟ್‌ವೇರ್ ಅವರಿಗೆ ತೊಂಬತ್ತೈದು ತುಂಬುವವರೆಗೆ ವರ್ಷಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ, ಯಾವ ಖಾತೆಯಿಂದ ಎಷ್ಟು ತೆಗೆಯಬೇಕು, ತೆರಿಗೆಗೆ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ತೋರಿಸುತ್ತದೆ. ಹಣದುಬ್ಬರ ಮತ್ತು ಷೇರುಪೇಟೆಯ ಅಂಕಿಗಳು ಊಹೆ ಎಂಬುದು ಬಳಸುವವರಿಗೆ ಗೊತ್ತಿರುತ್ತದೆ. ಅವು ಹೆಚ್ಚು ಕಡಿಮೆಯಾದರೆ ಯಾರೂ ಬೆಚ್ಚುವುದಿಲ್ಲ. ತೆರಿಗೆಯ ಕಾಲಂ ಮಾತ್ರ ಊಹೆಯಂತೆ ಕಾಣುವುದಿಲ್ಲ. 2041ರಲ್ಲಿ ಕಟ್ಟಬೇಕಾದ ತೆರಿಗೆ ಬಿಡಿ ಡಾಲರಿನ ಲೆಕ್ಕದಲ್ಲಿ ಮುದ್ರಿತವಾಗಿ ಕಣ್ಣೆದುರು ಬಂದಾಗ, ಓದುವವರು ಅದನ್ನು ಸರ್ಕಾರದ ನಿಯಮವೆಂದೇ ನಂಬುತ್ತಾರೆ. ಅದೂ ಊಹೆಯೇ. ಇಂದಿನ ಕಾಯ್ದೆ ಅಂದಿಗೂ ಹೀಗೆಯೇ ಇರುತ್ತದೆ ಎಂಬುದು ಆ ಊಹೆ.

ಈ ಊಹೆ ಎಷ್ಟು ದೊಡ್ಡದು ಎಂಬುದಕ್ಕೆ 2017ರ ಕಾಯ್ದೆಗಿಂತ ಬೇರೆ ಸಾಕ್ಷಿ ಬೇಡ. ಆ ವರ್ಷ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ವ್ಯಕ್ತಿಗಳ ಆದಾಯ ತೆರಿಗೆಯ ದರಗಳನ್ನು ಇಳಿಸಿತು. ಶೇ 15 ಇದ್ದದ್ದು 12 ಆಯಿತು, 25 ಇದ್ದದ್ದು 22 ಆಯಿತು, 28 ಇದ್ದದ್ದು 24 ಆಯಿತು. ಆದರೆ ಸೆನೆಟ್‌ನಲ್ಲಿ ಸರಳ ಬಹುಮತದಿಂದ ಬಜೆಟ್ ಮಸೂದೆಯನ್ನು ದಾಟಿಸಬೇಕಾದರೆ ಬಜೆಟ್ಟಿನ ಅವಧಿಯಾಚೆಗೆ ಕೊರತೆ ಹೆಚ್ಚಬಾರದೆಂಬ ಕಟ್ಟುಪಾಡು ಇರುವುದರಿಂದ, ಕಂಪನಿಗಳ ತೆರಿಗೆ ಇಳಿಕೆಯನ್ನು ಕಾಯಂ ಮಾಡಿ, ಜನರ ತೆರಿಗೆ ಇಳಿಕೆಗೆ 2025ರ ಡಿಸೆಂಬರ್ 31ರ ಗಡುವು ಹಾಕಿದ್ದರು. ಅಂದರೆ 2026ರ ಜನವರಿ 1ರಿಂದ ಹಳೆಯ ದರಗಳು ತಾವಾಗಿಯೇ ಮರಳಬೇಕಿತ್ತು. ಕಾಯ್ದೆಯಲ್ಲಿ ಹಾಗೆ ಬರೆದಿದ್ದರಿಂದ ಎಲ್ಲ ಸಾಫ್ಟ್‌ವೇರ್‌ಗಳೂ ಹಾಗೆಯೇ ಲೆಕ್ಕ ಹಾಕಬೇಕಿತ್ತು; ನಮ್ಮದೂ ಹಾಕುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ಲೆಕ್ಕದ ಮೇಲೆ ಒಂದು ದೊಡ್ಡ ಸಲಹೆ ನಿಂತಿತ್ತು. ತೆರಿಗೆ ಕಟ್ಟದೆ ಕೂಡಿಟ್ಟ ಐಆರ್‌ಎ ಹಣವನ್ನು ಮುಂದೆ ತೆಗೆದಾಗ ಅಂದಿನ ದರದಲ್ಲಿ ತೆರಿಗೆ ಬೀಳುತ್ತದೆ. ಅದನ್ನು ಈಗಲೇ ರಾತ್ ಎಂಬ, ತೆರಿಗೆ ಕಟ್ಟಿದ ಹಣವನ್ನು ಇಡುವ ನಿವೃತ್ತಿ ಖಾತೆಗೆ ವರ್ಗಾಯಿಸಿದರೆ ಇಂದಿನ ದರದಲ್ಲಿ ತೆರಿಗೆ ಕಟ್ಟಿ ಕೈ ತೊಳೆದುಕೊಳ್ಳಬಹುದು, ಆಮೇಲೆ ನಿಯಮದಂತೆ ತೆಗೆದದ್ದಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ. ದರ ಏರುವುದು ಖಚಿತವೆಂದ ಮೇಲೆ 2026 ಬರುವ ಮುನ್ನವೇ ವರ್ಗಾಯಿಸಿ ಎಂದು ಸಾಫ್ಟ್‌ವೇರ್‌ಗಳೂ ಸಲಹೆಗಾರರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಭಾವನವರ ಸಾಫ್ಟ್‌ವೇರ್ ಕೂಡ 2024ರಲ್ಲಿ 60,000 ಡಾಲರ್, 2025ರಲ್ಲಿ ಮತ್ತೆ 60,000 ಡಾಲರ್ ವರ್ಗಾಯಿಸಲು ಹೇಳಿತು. 2024ರ ಡಿಸೆಂಬರ್‌ನಲ್ಲಿ ಅವರು ಮೊದಲ ಕಂತನ್ನು ವರ್ಗಾಯಿಸಿ, ಶೇ 22ರಂತೆ 13,200 ಡಾಲರ್ ತೆರಿಗೆ ಕಟ್ಟಿದರು. ಇಂಥ ವರ್ಗಾವಣೆಯನ್ನು ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳುವ ಅವಕಾಶ ಮೊದಲು ಇತ್ತು. ಅದನ್ನು ತೆಗೆದುಹಾಕಿದ್ದೂ ಅದೇ 2017ರ ಕಾಯ್ದೆ.

ಜುಲೈ ಬಂತು. ಹೊಸ ಕಾಯ್ದೆ ಹಳೆಯ ಗಡುವನ್ನು ಅಳಿಸಿ, 12, 22, 24ರ ದರಗಳನ್ನು ಕಾಯಂ ಮಾಡಿತು. ಕಾಯಂ ಎಂದರೆ ಇನ್ನೊಂದು ಸಂಸತ್ತು ಬದಲಾಯಿಸುವವರೆಗೆ ಎಂದರ್ಥ, ಅದಿರಲಿ. ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಭಾವ ತಮ್ಮ ಯೋಜನೆಯ ಪುಟದ ಚಿತ್ರವನ್ನು ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ‘ಅಲ್ಲಯ್ಯಾ, ದರ ಏರಲ್ಲ ಅಂತ ಆಯ್ತಲ್ಲ, ಇದ್ಯಾಕೆ ಇನ್ನೂ ಅರವತ್ತು ಸಾವಿರ ಹಾಕು ಅಂತಿದೆ?’ ಎಂದು ಕೇಳಿದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ತೆರಿಗೆಯ ಕಾಲಮ್ಮಿನಲ್ಲಿ 2026ರಿಂದಾಚೆಯ ಅಂಕಿಗಳೆಲ್ಲ ಇಳಿದಿದ್ದವು, ಎಂದರೆ ಕೋಷ್ಟಕವನ್ನು ತಿದ್ದಿದ್ದರು. ಮೇಲ್ಭಾಗದಲ್ಲಿ ಯೋಜನೆ ಸುಭದ್ರವೆಂದು ಹೇಳುವ ಹಸಿರು ಗುರುತು ಎಂದಿನಂತೆ ಇತ್ತು. ಬಲಬದಿಯ ‘ಈ ವರ್ಷ ಮಾಡಬೇಕಾದ ಕೆಲಸ’ ಪಟ್ಟಿಯಲ್ಲಿ 60,000 ಡಾಲರಿನ ವರ್ಗಾವಣೆಯೂ ಎಂದಿನಂತೆಯೇ ಕುಳಿತಿತ್ತು. ಕಾಯ್ದೆ ಬದಲಾಗಿದೆ ಎಂಬ ಒಂದು ಸಾಲು ಎಲ್ಲಿಯೂ ಇರಲಿಲ್ಲ.

ಇದಕ್ಕೆ ಕಾರಣ ಕಸುಬಿನೊಳಗಿರುವವರಿಗೆ ಗೊತ್ತು. ಸಲಹೆಯನ್ನು ಒಮ್ಮೆ ಒಪ್ಪಿದ ಮೇಲೆ ಸಾಫ್ಟ್‌ವೇರ್ ಅದನ್ನು ಬಳಕೆದಾರರ ನಿರ್ಧಾರವೆಂದು ದಾಖಲಿಸಿಕೊಳ್ಳುತ್ತದೆ. ಕೋಷ್ಟಕ ಬದಲಾದಾಗ ಲೆಕ್ಕವನ್ನು ಮತ್ತೆ ಹಾಕುತ್ತದೆಯೇ ಹೊರತು, ಬಳಕೆದಾರರ ನಿರ್ಧಾರವನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ. ಆದರೆ ಆ ನಿರ್ಧಾರ ಯಾವ ಕಾರಣದ ಮೇಲೆ ನಿಂತಿತ್ತೋ ಆ ಕಾರಣವೇ ಬಿದ್ದುಹೋಗಿರುವಾಗ ಅದನ್ನು ಹೇಳದೆ ಸುಮ್ಮನಿರುವುದು, ಮದ್ದು ಬದಲಾದರೂ ಹಳೆಯ ಚೀಟಿಯನ್ನೇ ರೋಗಿಯ ಕೈಯಲ್ಲಿ ಬಿಟ್ಟಂತೆ. ನಮ್ಮ ಕಡೆ ‘ಅಪ್‌ಡೇಟ್ ಆಯಿತು’ ಎಂದು ಪಟ್ಟಿಯಲ್ಲಿ ಟಿಕ್ ಹಾಕುವುದು ಕೋಷ್ಟಕ ಸರಿಯಾದ ದಿನ. ಬಳಸುವವರ ಪಾಲಿಗೆ ಅಪ್‌ಡೇಟ್ ಆಗುವುದು ‘ನಿಮಗೆ ಹಿಂದೆ ಹೇಳಿದ್ದನ್ನು ಮತ್ತೊಮ್ಮೆ ಯೋಚಿಸಿ’ ಎಂಬ ಮಾತು ತಲುಪಿದ ದಿನ. ಈ ಎರಡರ ನಡುವಿನ ಅಂತರವೇ ನನ್ನ ದೂರು.

ಅಂತರ ಎಷ್ಟು ಡಾಲರಿನದು ಎಂಬುದನ್ನು ಆ ಭಾನುವಾರವೇ ನಾವಿಬ್ಬರೂ ಲೆಕ್ಕ ಹಾಕಿದೆವು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ್ದರಿಂದ ಫೆಡರಲ್ ತೆರಿಗೆಯೊಂದನ್ನೇ ನೋಡಿದರೆ ಸಾಕು. ಭಾವ ಹುಟ್ಟಿದ್ದು 1959ರಲ್ಲಿ, ಅಕ್ಕ 1960ರಲ್ಲಿ. 2025ರ ಕೊನೆಗೆ ಇಬ್ಬರಿಗೂ 65 ತುಂಬಿರುತ್ತದೆ. ಹೊಸ ಕಾಯ್ದೆ ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸುವವರ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು, ಎಂದರೆ ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತವನ್ನು, 2025ಕ್ಕೆ 31,500 ಡಾಲರಿಗೆ ಏರಿಸಿದೆ. 65 ದಾಟಿದವರಿಗೆ ಮೊದಲಿನಿಂದಲೂ ಇರುವ ಹೆಚ್ಚುವರಿ ತಲಾ 1,600ರಂತೆ 3,200. ಇವೆರಡರ ಮೇಲೆ, 2025ರಿಂದ 2028ರವರೆಗೆ ನಾಲ್ಕು ವರ್ಷಕ್ಕೆ ಮಾತ್ರ, ಹಿರಿಯರಿಗೆ ತಲಾ 6,000 ಡಾಲರಿನ ಹೊಸ ಕಡಿತ, ಇಬ್ಬರಿಗೆ 12,000. ಒಟ್ಟು 46,700 ಡಾಲರಿಗೆ ತೆರಿಗೆ ಇಲ್ಲ. ಭಾವ ಏಪ್ರಿಲ್‌ನಲ್ಲಿ ನಿವೃತ್ತರಾಗಿದ್ದರಿಂದ, ಅಕ್ಕನ ಸಂಬಳ, ಬಡ್ಡಿ, ಡಿವಿಡೆಂಡ್ ಎಲ್ಲ ಸೇರಿ ಆ ವರ್ಷದ ಆದಾಯ ಸರಿಸುಮಾರು 1,40,000. ಕಡಿತ ಕಳೆದರೆ 93,300. ಜಂಟಿ ಸಲ್ಲಿಕೆದಾರರ ಶೇ 12ರ ಹಂತ 96,950 ಡಾಲರಿನವರೆಗೆ ಇರುವುದರಿಂದ ಅವರು ಪೂರ್ತಿ ಆ ಹಂತದೊಳಗೇ ನಿಲ್ಲುತ್ತಾರೆ.

ಹಿರಿಯರ ಕಡಿತಕ್ಕೆ ಒಂದು ಷರತ್ತಿದೆ. ಜಂಟಿ ಆದಾಯ 1,50,000 ಡಾಲರ್ ದಾಟಿದರೆ, ದಾಟಿದ ಮೊತ್ತದ ಶೇ 6ರಷ್ಟನ್ನು ಪ್ರತಿಯೊಬ್ಬರ 6,000ದಿಂದಲೂ ಕಳೆಯುತ್ತಾರೆ. ಒಂಟಿಯಾಗಿ ಸಲ್ಲಿಸುವವರಿಗೆ ಈ ಗಡಿ 75,000. ಸಾಫ್ಟ್‌ವೇರ್ ಹೇಳಿದಂತೆ 60,000 ವರ್ಗಾಯಿಸಿದರೆ ಆದಾಯ 2,00,000 ಆಗುತ್ತದೆ, ಗಡಿಯಿಂದ 50,000 ಹೆಚ್ಚು. ಅದರ ಶೇ 6 ಎಂದರೆ 3,000. ಇಬ್ಬರಿಂದ 6,000 ಡಾಲರಿನ ಕಡಿತ ಕೈಬಿಟ್ಟು ಹೋಗುತ್ತದೆ. ಅಷ್ಟಕ್ಕೆ ಶೇ 22ರಂತೆ 1,320 ಡಾಲರ್ ತೆರಿಗೆ ಹೆಚ್ಚು. ಅದೂ ಸೇರಿ ವರ್ಗಾವಣೆಯೊಂದಕ್ಕೇ 14,155 ಡಾಲರ್ ತೆರಿಗೆ. ಬರಲಿರುವ ಶೇ 25ರ ದರದಿಂದ ತಪ್ಪಿಸಿಕೊಳ್ಳಲು ಎಂದು ಹೊರಟ ಈ ಕೆಲಸ, ಆ ಶೇ 25 ಬರುವುದೇ ಇಲ್ಲವೆಂದಾದ ಮೇಲೆ, ಭಾವನವರಿಗೆ ಆ ವರ್ಷ ಮಾಡಬೇಕಾದದ್ದಾಗಿ ಉಳಿಯಲಿಲ್ಲ. ಅವರು 10,000 ಡಾಲರ್ ವರ್ಗಾಯಿಸಿ, ಆದಾಯವನ್ನು ಸರಿಯಾಗಿ 1,50,000ಕ್ಕೆ ನಿಲ್ಲಿಸಿದರು. ವಾಟ್ಸ್ಆ್ಯಪ್‌ನಲ್ಲಿ ಕೇಳಲು ಕಸುಬಿನವನೊಬ್ಬ ಭಾವಮೈದುನ ಎಲ್ಲರಿಗೂ ಇರುವುದಿಲ್ಲ.

ಇನ್ನು ನಮ್ಮ ಕಡೆಯ ಕೆಲಸದ ಬಗ್ಗೆಯೂ ಹೇಳದಿದ್ದರೆ ಪಕ್ಷಪಾತವಾಗುತ್ತದೆ. 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ ಜಂಟಿ ಸಲ್ಲಿಕೆದಾರರಿಗೆ 30,000 ಡಾಲರ್ ಎಂದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ 2024ರ ಅಕ್ಟೋಬರ್‌ನಲ್ಲಿಯೇ ಪ್ರಕಟಿಸಿತ್ತು. ಆರು ತಿಂಗಳು ಆ ಅಂಕಿಯ ಮೇಲೆ ಎಲ್ಲ ಲೆಕ್ಕ ನಡೆದ ಮೇಲೆ, ಜುಲೈ ಕಾಯ್ದೆ ಅದನ್ನು ಜನವರಿಯಿಂದಲೇ ಪೂರ್ವಾನ್ವಯವಾಗಿ 31,500 ಮಾಡಿತು. ನಮ್ಮಲ್ಲಿಯೂ 2024ರ ಜುಲೈ 23ರಂದು ಬಂಡವಾಳ ಲಾಭದ ತೆರಿಗೆ ದರ ನಡುವರ್ಷದಲ್ಲಿ ಬದಲಾಗಿ, ಆ ದಿನಕ್ಕೆ ಮೊದಲು ಮಾರಿದ ಷೇರು, ಆಮೇಲೆ ಮಾರಿದ ಷೇರು ಎಂದು ರಿಟರ್ನ್ ತುಂಬುವಾಗ ಪರದಾಡಿದವರಿಗೆ ಈ ಸಂಕಟ ಅರ್ಥವಾದೀತು. ವರ್ಷಕ್ಕೊಂದು ಸಾಲು ಎಂದು ಕಟ್ಟಿದ ಕೋಷ್ಟಕದಲ್ಲಿ ಒಂದೇ ವರ್ಷಕ್ಕೆ ಎರಡು ಉತ್ತರಗಳಿಗೆ ಜಾಗವಿರುವುದಿಲ್ಲ.

ಹಿರಿಯರ ಕಡಿತವನ್ನು ಸೇರಿಸುವಾಗ ನಮ್ಮ ತಂಡದಲ್ಲಿಯೇ ಆದ ಎರಡು ಎಡವಟ್ಟುಗಳನ್ನು ಒಪ್ಪಿಕೊಳ್ಳುತ್ತೇನೆ. ಮೊದಲ ಕರಡಿನಲ್ಲಿ ಗಂಡ ಹೆಂಡತಿಯ 12,000ವನ್ನು ಒಂದೇ ಮೊತ್ತವೆಂದು ಹಿಡಿದು, ಶೇ 6ನ್ನು ಒಂದೇ ಸಲ ಕಳೆದಿದ್ದರು. 2,50,000 ಡಾಲರ್ ಆದಾಯದ ದಂಪತಿಯನ್ನು ಇಟ್ಟು ಪರೀಕ್ಷಿಸಿದಾಗ ಕಡಿತ ಸೊನ್ನೆಯಾಗುವ ಬದಲು 6,000 ಉಳಿದುಕೊಂಡಿದ್ದರಿಂದ ಸಿಕ್ಕಿಬಿತ್ತು. ಚಿಕ್ಕದೆಂದು ತೋರಬಹುದಾದ ಈ ತಪ್ಪು ಸಲಹೆಯನ್ನೇ ತಿರುಗಿಸಬಲ್ಲದು. ಗಡಿ ದಾಟಿದ ದಂಪತಿಯ ಪ್ರತಿ 1,000 ಡಾಲರ್ ಹೆಚ್ಚುವರಿ ಆದಾಯಕ್ಕೆ 120 ಡಾಲರ್ ಕಡಿತ ಕರಗುವುದರಿಂದ, ತೆರಿಗೆ ಬೀಳುವುದು 1,120ರ ಮೇಲೆ. ಶೇ 22ರ ಹಂತದಲ್ಲಿರುವವರಿಗೆ ನಿಜವಾದ ದರ ಶೇ 24.64. ಪರದೆಯ ಮೇಲೆ ಮಾತ್ರ 22 ಎಂದೇ ಕಾಣುತ್ತಿರುತ್ತದೆ.

ಎರಡನೆಯದು ಇನ್ನೂ ಮುಜುಗರದ್ದು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಮೇಲಿನ ತೆರಿಗೆ ರದ್ದಾಯಿತು ಎಂಬ ಮಾತು ಆ ದಿನಗಳಲ್ಲಿ ಅಮೆರಿಕದ ತುಂಬ ಹರಡಿತ್ತು. ಭಾವನವರ ಗೆಳೆಯರ ಗುಂಪಿನಲ್ಲಿ ಈಗಲೂ ಹಲವರು ಹಾಗೆಯೇ ನಂಬಿದ್ದಾರೆ. ಸಾಫ್ಟ್‌ವೇರಿನಲ್ಲಿ ಏನೇನು ಬದಲಾಯಿಸಬೇಕೆಂದು ನಮಗೆ ಬಂದ ಬೇಡಿಕೆಯ ಮೊದಲ ಕರಡಿನಲ್ಲಿಯೂ ಅದನ್ನೇ ಬರೆದಿದ್ದರು. ಕಾಯ್ದೆಯಲ್ಲಿ ಅಂಥದ್ದು ಇಲ್ಲ. ಜಂಟಿ ಸಲ್ಲಿಕೆದಾರರಿಗೆ 32,000 ಡಾಲರಿನ ಮೇಲೆ ಪಿಂಚಣಿಯ ಅರ್ಧದವರೆಗೆ ತೆರಿಗೆಗೆ ಸೇರಿಸುವ ನಿಯಮ 1983ರದು, 44,000ದ ಮೇಲೆ ಶೇ 85ರವರೆಗೆ ಸೇರಿಸುವ ನಿಯಮ 1993ರದು. ಹಣದುಬ್ಬರ ಏನೇ ಆದರೂ ಆ ಗಡಿಗಳು ಅಂದಿನಿಂದ ಒಂದು ಡಾಲರೂ ಮೇಲೇರಿಲ್ಲ, ಈ ಸಲವೂ ಏರಿಲ್ಲ. ಹಿರಿಯರ ಕಡಿತ ಇದೆಲ್ಲ ಲೆಕ್ಕವಾದ ಮೇಲೆ, ರಿಟರ್ನಿನ ಕೆಳಗಿನ ಸಾಲಿನಲ್ಲಿ ಬರುತ್ತದೆ. ಹಾಗಾಗಿ ಅನೇಕರಿಗೆ ಕೊನೆಯಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆಯಾಗಬಹುದು. ಆದರೆ ಪಿಂಚಣಿಯ ಎಷ್ಟು ಭಾಗ ಆದಾಯವೆನಿಸುತ್ತದೆ ಎಂಬುದಾಗಲಿ, ಎರಡು ವರ್ಷದ ಹಿಂದಿನ ಆದಾಯ ನೋಡಿ ಏರಿಸುವ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಪ್ರೀಮಿಯಂ ಆಗಲಿ ಇದರಿಂದ ಬದಲಾಗುವುದಿಲ್ಲ. ಕಡಿತವನ್ನು ಮೇಲಿನ ಸಾಲಿಗೆ ಸೇರಿಸಿದ ಸಾಫ್ಟ್‌ವೇರ್ ಇವೆರಡನ್ನೂ ತಪ್ಪು ತೋರಿಸುತ್ತದೆ, ಬಳಕೆದಾರರಿಗೆ ಅನುಕೂಲವಾಗಿ ಕಾಣುವಂತೆ ತಪ್ಪು ತೋರಿಸುವುದರಿಂದ ಯಾರೂ ದೂರುವುದೂ ಇಲ್ಲ.

ಹುಟ್ಟಿದ ದಿನದ ವಿಚಾರವೂ ಇದೆ. 1961ರ ಜನವರಿ 1ರಂದು ಹುಟ್ಟಿದವರಿಗೆ 2025ರ ತೆರಿಗೆಯ ಲೆಕ್ಕದಲ್ಲಿ 65 ತುಂಬಿದೆ ಎಂದೇ ಐಆರ್‌ಎಸ್ ಪರಿಗಣಿಸುತ್ತದೆ, ಹುಟ್ಟುಹಬ್ಬದ ಹಿಂದಿನ ದಿನವೇ ವಯಸ್ಸು ತುಂಬಿತೆಂಬ ಲೆಕ್ಕ. ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಈ ದಿನಾಂಕ ಯಾವಾಗಲೂ ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟರು ತಮಗೆ ತೋಚಿದ ದಿನಾಂಕ ಬರೆದುಕೊಂಡ ನಮ್ಮ ಹಿಂದಿನ ತಲೆಮಾರಿನವರಿಗೆ, ಆ ಒಂದು ಗೀಟು ಐವತ್ತು ಅರವತ್ತು ವರ್ಷದ ಮೇಲೆ ಇಂಥಲ್ಲಿ ಸಾವಿರಾರು ಡಾಲರಿನ ಕಡಿತ ತಂದುಕೊಡುತ್ತದೆ ಅಥವಾ ತಪ್ಪಿಸುತ್ತದೆ ಎಂದು ಯಾರು ಎಣಿಸಿದ್ದರು?

ಭಾವನವರ 1959 ಇನ್ನೂ ವಿಚಿತ್ರ. ಐಆರ್‌ಎ ಹಣವನ್ನು ಎಷ್ಟು ವಯಸ್ಸಿನಿಂದ ಕಡ್ಡಾಯವಾಗಿ ತೆಗೆಯಬೇಕು ಎಂಬುದನ್ನು 2022ರ ಡಿಸೆಂಬರ್‌ನ ‘ಸೆಕ್ಯೂರ್ 2.0’ ಕಾಯ್ದೆ ಬದಲಾಯಿಸಿತು. 2033ಕ್ಕೆ ಮೊದಲು 73 ತುಂಬುವವರಿಗೆ 73, 2032ರ ನಂತರ 74 ತುಂಬುವವರಿಗೆ 75 ಎಂದು ಬರೆದರು. 1959ರಲ್ಲಿ ಹುಟ್ಟಿದವರಿಗೆ 2032ರಲ್ಲಿ 73, 2033ರಲ್ಲಿ 74 ತುಂಬುವುದರಿಂದ ಎರಡೂ ವಾಕ್ಯ ಅವರಿಗೆ ಅನ್ವಯಿಸುತ್ತವೆ. ಸಾಫ್ಟ್‌ವೇರಿನಲ್ಲಿ ಯಾವ ಷರತ್ತನ್ನು ಮೊದಲು ಬರೆದಿದ್ದಾರೋ ಅದರಂತೆ ಉತ್ತರ ಬರುತ್ತಿತ್ತು. 2024ರ ಜುಲೈನಲ್ಲಿ ಖಜಾನೆ ಇಲಾಖೆ ತನ್ನ ಕರಡು ನಿಯಮದಲ್ಲಿ 73 ಎಂದು ಹೇಳಿತು. ಭಾವನವರ ಯೋಜನೆಯಲ್ಲಿ ಆಗಸ್ಟಿನ ಆ ದಿನವೂ 75 ಎಂದೇ ಇತ್ತು. ಅಕ್ಕನಿಗೆ 75 ಸರಿ, ಭಾವನಿಗೆ ಅಲ್ಲ. ಇಬ್ಬರಿಗೂ ಒಂದೇ ಅಂಕಿ ಇದ್ದದ್ದರಿಂದ ಅವರಿಗೆ ಅನುಮಾನವೇ ಬಂದಿರಲಿಲ್ಲ.

ಇನ್ನೂ ದುಡಿಯುತ್ತಿರುವ ಐವತ್ತು ದಾಟಿದವರಿಗೂ 2026ರಿಂದ ಒಂದು ಬದಲಾವಣೆ ಇದೆ. ಹಿಂದಿನ ವರ್ಷ ಅದೇ ಕಂಪನಿಯಿಂದ 1,50,000 ಡಾಲರಿಗಿಂತ ಹೆಚ್ಚು ಸಂಬಳ ಪಡೆದವರು 401(ಕೆ)ಯಲ್ಲಿ ವಯಸ್ಸಿನ ಕಾರಣಕ್ಕೆ ಕಟ್ಟುವ ಹೆಚ್ಚುವರಿ 8,000 ಡಾಲರನ್ನು ತೆರಿಗೆ ಕಟ್ಟಿದ ಮೇಲೆಯೇ, ರಾತ್ ಭಾಗಕ್ಕೆ ಹಾಕಬೇಕು. ಅಲ್ಲಿನ ನಮ್ಮ ಹಿರಿಯ ಎಂಜಿನಿಯರುಗಳಲ್ಲಿ ಈ ಗಡಿ ದಾಟುವವರು ಬಹಳ. ‘ಈ ವರ್ಷ ಇಷ್ಟು ತೆರಿಗೆ ಉಳಿಯುತ್ತದೆ’ ಎಂದು ಸಾಫ್ಟ್‌ವೇರ್ ಹಳೆಯಂತೆ ತೋರಿಸುತ್ತಿದ್ದರೆ ಅದು ಉಳಿಯುವುದಿಲ್ಲ.

ಊರಿಗೆ ಮರಳುವ ಯೋಚನೆಯಲ್ಲಿರುವವರ ಪಾಡು ಬೇರೆಯೇ. ಅಕ್ಕ ಭಾವನಿಗೆ ಮೈಸೂರಿನಲ್ಲಿ ಒಂದು ಮನೆ ಇದೆ, ಮನಸ್ಸೂ ಅಲ್ಲಿಯೇ ಇದೆ. ಆದರೆ ಸಾಫ್ಟ್‌ವೇರಿನಲ್ಲಿ ವಾಸಸ್ಥಳ ಆಯ್ದುಕೊಳ್ಳುವಲ್ಲಿ ಐವತ್ತು ರಾಜ್ಯಗಳಿವೆ, ಭಾರತವಿಲ್ಲ. ಮೈಸೂರಿಗೆ ಬಂದು ನೆಲೆಸಿದವರ 401(ಕೆ) ಮೇಲೆ ಇಲ್ಲಿಯ ತೆರಿಗೆ ಯಾವಾಗ ಬೀಳಬೇಕು ಎಂಬುದಕ್ಕೆ ನಮ್ಮ 1961ರ ಕಾಯ್ದೆಯ 89ಎ ವಿಧಿಯಡಿ, 10-ಇಇ ನಮೂನೆ ಸಲ್ಲಿಸಿ, ಹಣ ತೆಗೆಯುವ ವರ್ಷದಲ್ಲಿಯೇ ಕಟ್ಟುವ ಅನುಕೂಲ ಮಾಡಿಕೊಟ್ಟಿದ್ದರು. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ವಿಧಿಗಳ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ಎರಡು ದೇಶಗಳ ತೆರಿಗೆ ಒಪ್ಪಂದದಂತೆ ಅಮೆರಿಕ ಮಾತ್ರ ತೆರಿಗೆ ಹಾಕಬಹುದು. ಹಾಗೆಂದು ಗ್ರೀನ್ ಕಾರ್ಡ್ ಒಪ್ಪಿಸಿ ಬಂದವರಿಗೆ ಪಿಂಚಣಿಯ ಶೇ 25.5ನ್ನು ಅಲ್ಲಿಯೇ ಹಿಡಿದುಕೊಳ್ಳುತ್ತಾರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಅವರಿಗೆ ಸಿಗುವುದಿಲ್ಲ. ಅಲ್ಲಿಯ ವರ್ಷ ಜನವರಿಗೆ, ಇಲ್ಲಿಯದು ಏಪ್ರಿಲ್‌ಗೆ ಶುರುವಾಗುವುದರಿಂದ ವರ್ಷಕ್ಕೊಂದು ಸಾಲು ಎಂಬ ಪಟ್ಟಿಯೇ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿಕೊಡಿ ಎಂದು ಅಮೆರಿಕದ ಕಂಪನಿಗಳನ್ನು ಕೇಳುವುದು ನ್ಯಾಯವಲ್ಲ. ‘ನೀವು ಅಮೆರಿಕ ಬಿಟ್ಟರೆ ಈ ಅಂಕಿಗಳು ಅನ್ವಯಿಸುವುದಿಲ್ಲ’ ಎಂದು ಒಂದು ಸಾಲು ಹಾಕಿ ಎಂದು ಕೇಳುವುದು ನ್ಯಾಯ.

ನನ್ನ ಬೇಡಿಕೆಯೂ ಅಷ್ಟರದ್ದೇ. ಯೋಜನೆಯ ಮೊದಲ ಪುಟದಲ್ಲಿ ಈ ಲೆಕ್ಕ ಯಾವ ತಾರೀಖಿನವರೆಗಿನ ಕಾಯ್ದೆಯನ್ನು ಆಧರಿಸಿದೆ ಎಂದು ಬರೆದಿರಲಿ. ಹಿರಿಯರ ಕಡಿತ 2028ಕ್ಕೆ ಮುಗಿಯುತ್ತದೆ, ರಾಜ್ಯ ಮತ್ತು ಸ್ಥಳೀಯ ತೆರಿಗೆಗಳಿಗೆ 10,000ದಿಂದ 40,000 ಡಾಲರಿಗೆ ಏರಿಸಿದ ಕಡಿತದ ಮಿತಿ 2030ರಲ್ಲಿ ಮತ್ತೆ 10,000ಕ್ಕೆ ಇಳಿಯುತ್ತದೆ ಎಂಬಂಥ ಗಡುವುಗಳು ಯಾರ ಲೆಕ್ಕವನ್ನು ಮುಟ್ಟುತ್ತವೆಯೋ ಅವರಿಗೆ ಕಾಣುವಂತಿರಲಿ. ಕಾಯ್ದೆ ಬದಲಾದಾಗ, ಹಳೆಯ ಕಾಯ್ದೆಯನ್ನು ನಂಬಿ ಒಪ್ಪಿದ ನಿರ್ಧಾರಗಳ ಪಕ್ಕದಲ್ಲಿ ಒಂದು ಗುರುತು ಬೀಳಲಿ. ಹೂಡಿಕೆಯ ಲೆಕ್ಕಾಚಾರದ ಸಾಧನಗಳು ತಮ್ಮ ಮುಖ್ಯ ಊಹೆಗಳನ್ನೂ ಮಿತಿಗಳನ್ನೂ ತಿಳಿಸಬೇಕೆಂದು ಅಲ್ಲಿಯ ಬ್ರೋಕರುಗಳ ನಿಯಂತ್ರಣ ಸಂಸ್ಥೆ ಫಿನ್ರಾದ 2214ನೇ ನಿಯಮ ಹೇಳುತ್ತದೆ. ನಾನು ನೋಡಿರುವ ಇಂಥ ಸಾಧನಗಳಲ್ಲಿ ಆ ತಿಳಿವಳಿಕೆಯನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಮುಗಿಸುತ್ತಾರೆ, ಷೇರುಪೇಟೆಯ ಬಗ್ಗೆ ಉದ್ದಕ್ಕೆ ಬರೆಯುತ್ತಾರೆ, ತೆರಿಗೆಯ ಬಗ್ಗೆ ‘ಪ್ರಚಲಿತ ಕಾಯ್ದೆಯಂತೆ’ ಎಂಬ ಎರಡು ಪದ ಇರುತ್ತವೆ. ಯಾವತ್ತಿಗೆ ಪ್ರಚಲಿತ ಎಂಬುದು ಇರುವುದಿಲ್ಲ.

ಪದೇ ಪದೇ ಎಚ್ಚರಿಕೆ ತೋರಿಸಿದರೆ ಬಳಕೆದಾರರು ಗಾಬರಿಯಾಗುತ್ತಾರೆ, ಸಹಾಯವಾಣಿಗೆ ಕರೆಗಳು ಹೆಚ್ಚುತ್ತವೆ ಎಂಬುದು ಕಂಪನಿಗಳ ಕಡೆಯ ಮಾತು. ಕರೆಗಳು ಹೆಚ್ಚುತ್ತವೆ, ನಿಜ. 13,200 ಡಾಲರ್ ಕಟ್ಟಿದ ಮನುಷ್ಯ ಒಂದು ಕರೆ ಮಾಡಿದರೆ ತಪ್ಪೇನು ಎಂಬುದು ನನಗೆ ತಿಳಿಯುವುದಿಲ್ಲ.

ಈ ಸಾಫ್ಟ್‌ವೇರ್‌ಗಳಲ್ಲಿ ಕೆಲವನ್ನು ತಿದ್ದುವ, ಪರೀಕ್ಷಿಸುವ ಕೈಗಳು ಬೆಂಗಳೂರಿನಲ್ಲಿವೆ. ಹೊರವರ್ತುಲ ರಸ್ತೆಯ, ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಕುಳಿತು ಈ ಕೋಷ್ಟಕಗಳನ್ನು ಮುಟ್ಟುವ ನನ್ನ ಓರಗೆಯವರಲ್ಲಿ ಯಾರಾದರೂ ಇದನ್ನು ಓದಿದರೆ, ಬೇಡಿಕೆಯಲ್ಲಿ ಬರೆದಿಲ್ಲವೆಂದು ಸುಮ್ಮನಿರದೆ, ಕೋಷ್ಟಕ ಬದಲಾದ ದಿನ ಹಳೆಯ ಸಲಹೆಗಳಿಗೆ ಏನಾಗುತ್ತದೆ ಎಂಬ ಒಂದು ಪರೀಕ್ಷೆಯನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲಿ ಎಂದು ಕೋರುತ್ತೇನೆ. ಮಕ್ಕಳಾಗಲಿ, ಅಣ್ಣ ತಮ್ಮಂದಿರಾಗಲಿ ಅಮೆರಿಕದಲ್ಲಿರುವ ಓದುಗರು, 2026ರ ಏಪ್ರಿಲ್ 15ರೊಳಗೆ ಅವರು 2025ರ ರಿಟರ್ನ್ ಸಲ್ಲಿಸುವ ಮುನ್ನ, ಹಿರಿಯರ ಕಡಿತಕ್ಕಾಗಿ ಈ ಸಲ ಹೊಸದಾಗಿ ಬಂದಿರುವ 1-ಎ ಅನುಬಂಧವನ್ನು ತುಂಬಿದ್ದಾರೆಯೇ ಎಂದು ಫೋನಿನಲ್ಲಿ ಒಮ್ಮೆ ಕೇಳಿದರೂ ಉಪಕಾರವಾದೀತು.

ಮೊದಲ ಪುಟದ ಆ ತಾರೀಖಿನ ಬೇಡಿಕೆಯನ್ನು ನಾನು ನಮ್ಮ ತಂಡದಲ್ಲಿ ಸೆಪ್ಟೆಂಬರ್‌ನಲ್ಲಿಯೇ ದಾಖಲಿಸಿದ್ದೇನೆ. ಎರಡು ದಿನದ ಕೆಲಸವೆಂದು ಅಂದಾಜು ಮಾಡಿದ್ದಾರೆ. ಅದಾದ ಮೇಲೆ ಮೂರು ಬಿಡುಗಡೆಗಳಾಗಿವೆ. ಬೇಡಿಕೆ ಇನ್ನೂ ‘ಮುಂದೆ ನೋಡೋಣ’ ಎಂಬ ಪಟ್ಟಿಯಲ್ಲಿದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಪರೀಕ್ಷಕ
ಬಸವನಗುಡಿ, ಬೆಂಗಳೂರು